ಷರಾ

ರಿಜಿಸ್ಟರಿನ ಕೊನೆಯ ಕಲಂ ಷರಾ.
ಅಗಲ ಎರಡು ಬೆರಳು.
ಹೆಸರು, ವಯಸ್ಸು, ವಿಳಾಸ, ದೂರಿನ ಸ್ವರೂಪ
ಎಲ್ಲಕ್ಕೂ ಜಾಗ ಬಿಟ್ಟು ಗೆರೆ ಎಳೆದವರಿಗೆ
ಇಲ್ಲಿಗೆ ಬರುವಷ್ಟರಲ್ಲಿ ಕಾಗದ ಮುಗಿದಿತ್ತೇನೋ.

ಆಸ್ಪತ್ರೆಯ ಹಿಂದೆ, ಶವಾಗಾರದ ದಾರಿಯಲ್ಲೇ
ಎಡಕ್ಕೆ ತಿರುಗಿದರೆ ನಮ್ಮ ಕೇಂದ್ರ.
ಬೋರ್ಡಿನ ಮೇಲೆ ನಗುವ ಹೆಂಗಸಿನ ಚಿತ್ರ.
ಒಳಗೆ ಎರಡು ಮಂಚ, ಒಂದು ಮೇಜು,
ಮೇಜಿನ ಮೇಲೆ ಟಿಶ್ಯೂ ಡಬ್ಬಿ, ನನ್ನ ದುಡ್ಡಿನದು.
ಕಣ್ಣೀರಿಗೆ ಲೆಕ್ಕಶೀರ್ಷಿಕೆ ಇಲ್ಲಮ್ಮ
ಅಂದಿದ್ದರು ಇಂದುಧರ ಸಾರ್, ತಮಾಷೆಗೇ.
ನಾಲ್ಕು ತಿಂಗಳಿಂದ ಗೌರವಧನ ಬಂದಿಲ್ಲ,
ಗೌರವ ಮಾತ್ರ ದಿನಾ ಬರುತ್ತದೆ:
'ಮೇಡಂ, ನೀವು ಮಾಡೋದು ದೇವರ ಕೆಲಸ.'
ದೇವರಿಗೆ ಹನ್ನೊಂದು ತಿಂಗಳ ಗುತ್ತಿಗೆ.

ಅವಳು ಬಂದಳು. ಹೆಸರು ಹೇಳಲಾರೆ.
ನಲವತ್ತೇಳು ಅನ್ನಿ.
ಮೊದಲ ದಿನ ಬರೀ ಫ್ಯಾನಿನ ಬಗ್ಗೆ ಮಾತಾಡಿದಳು,
ಯಾಕೆ ಹೀಗೆ ಕಿರುಗುಟ್ಟುತ್ತೆ, ಎಣ್ಣೆ ಬಿಡಬಾರದೇ ಎಂದು.
ಮೂರನೆಯ ಸಲಕ್ಕೆ ಗಂಡನ ಹೆಸರು ಬಂತು.

ನನಗೆ ಗೊತ್ತಿದ್ದ ಹೆಸರು.
ದುರ್ಗಿಗುಡಿಯಲ್ಲಿ ನನ್ನ ಮಿಕ್ಸಿ ರಿಪೇರಿ ಮಾಡಿದವನು.
ಮುಂದೆ ಅಂಗಡಿ, ಹಿಂದೆಯೇ ಮನೆ.
ಚಿಲ್ಲರೆ ಇಲ್ಲ ಎಂದಾಗ
'ಇರ್ಲಿ ಬಿಡಿ ಅಕ್ಕಾ, ಇಪ್ಪತ್ತು ರೂಪಾಯಿ ತಾನೆ,
ಇನ್ನೊಂದ್ಸಲ ಬಂದಾಗ ಕೊಡಿ' ಎಂದವನು.
ತರಬೇತಿಯಲ್ಲಿ ಇದಕ್ಕೊಂದು ಸ್ಲೈಡ್ ಇತ್ತು:
ಪರಿಚಯವಿದ್ದರೆ ಕೇಸನ್ನು ಬೇರೆ ಸಮಾಲೋಚಕರಿಗೆ ಒಪ್ಪಿಸಿ.
ಬೇರೆಯವಳು ಲವೀನಾ. ಜೂನಿನಲ್ಲೇ ಬಿಟ್ಟು
ಸೀರೆ ಅಂಗಡಿಯ ಕ್ಯಾಶ್ ಕೌಂಟರಿಗೆ ಸೇರಿದಳು.
ಅಲ್ಲಿ ರಾತ್ರಿ ನಿದ್ದೆ ಬರುತ್ತದಂತೆ.

ಶಿವಮೊಗ್ಗ ಸಣ್ಣ ಊರಲ್ಲ, ಆದರೂ
ಹೇಳಬಾರದ್ದನ್ನು ಹೊತ್ತವಳಿಗೆ ಸಣ್ಣದೇ.
ವಿದ್ಯಾನಗರದ ಸಿಟಿ ಬಸ್ಸಿನಲ್ಲಿ ಪಕ್ಕ ಕೂತವರ ಮನೆಯ
ಯಾವ ಕೋಣೆಗೆ ಹೊರಗಿನಿಂದ ಚಿಲಕ ಅಂತ ಗೊತ್ತು.
ಗೊತ್ತಿಲ್ಲದವಳ ಮುಖ ಇಟ್ಟುಕೊಂಡು
ಸೇತುವೆ ಮುಗಿಯುವ ತನಕ ತುಂಗೆಯನ್ನು ನೋಡುತ್ತೇನೆ.
ಮನೆಯಲ್ಲಿ ಅವರು ಕೇಳುತ್ತಾರೆ, ಇವತ್ತೇನಾಯ್ತು?
ಫ್ಯಾನು ಕಿರುಗುಟ್ಟಿತು ಅನ್ನುತ್ತೇನೆ.

ಸ್ವಂತ ನಂಬರು ಕೊಡಬಾರದು, ಅದು ನಿಯಮ.
ಕೊಟ್ಟೆ.
ಅಂಗೈ ಮೇಲೆ ಬೇಡ, ಕಾಣುತ್ತೆ ಅಂದಳು.
ಹಳೇ ರೇಷನ್ ಕಾರ್ಡಿನಲ್ಲಿ
ಸೀಮೆಎಣ್ಣೆ ಕೊಟ್ಟ ತಾರೀಖುಗಳ ನಡುವೆ
ಹತ್ತು ಅಂಕಿ ಚದುರಿಸಿ ಬರೆದೆ.

ಆ್ಯಪಿನಲ್ಲಿ ಮೂರೇ ಆಯ್ಕೆ:
ಇತ್ಯರ್ಥ. ವರ್ಗಾವಣೆ. ಬಾಕಿ.
ಮಾರ್ಚಿಯೊಳಗೆ ಬಾಕಿ ಸೊನ್ನೆ ಆಗಬೇಕು.
'ಗಂಡ ಹೆಂಡತಿ ಒಟ್ಟಿಗೇ ಇದ್ದಾರಲ್ಲ, ಇನ್ನೇನಮ್ಮ?'
ಅಂದರು ಸಾರ್. ಪಾಪ, ಅವರೂ
ಜಿಲ್ಲಾ ಸಭೆಯಲ್ಲಿ ನಿಂತು ಬೈಸಿಕೊಳ್ಳುವವರೇ.
ಇತ್ಯರ್ಥ ಒತ್ತಿದೆ. ಹಸಿರು ಟಿಕ್ ಬಂತು.

ಆ ವಾರ ಸಾಲಾಗಿ ಮೂರು ರಾತ್ರಿ ಪಾಳಿ.
ಹೊಸನಗರದ ಕಡೆಯ ಒಂದು ಹುಡುಗಿ, ಹದಿನಾಲ್ಕು ವರ್ಷ,
ಬೆಳಗಾಗುವ ತನಕ ನನ್ನ ದುಪಟ್ಟಾದ ತುದಿ ಬಿಡಲಿಲ್ಲ.
ನಾಲ್ಕನೆಯ ರಾತ್ರಿ ಫೋನು ಸೈಲೆಂಟಿಗೆ ಹಾಕಿ
ಸತ್ತ ಹಾಗೆ ಮಲಗಿದೆ.
ಎದ್ದು ನೋಡಿದರೆ ಮೂರು ಕರೆ:
ಎರಡು ಹತ್ತು. ಎರಡು ಹನ್ನೊಂದು. ಎರಡು ಹನ್ನೊಂದು.

ಹಾಲು ಉಕ್ಕಿ ಗ್ಯಾಸು ಆರಿತು. ನಾನು ಕರೆಯುತ್ತಲೇ ಇದ್ದೆ.
ಕೊನೆಗೆ ಎತ್ತಿದಳು.
ಹಿಂದೆಲ್ಲೋ ಮಿಕ್ಸಿಯ ಸದ್ದು, ನಿಂತು, ಮತ್ತೆ ಶುರುವಾಯಿತು.
'ಏನಿಲ್ಲ ಮೇಡಂ. ಕೈ ತಾಗಿತ್ತು.'

ಕೇಂದ್ರಕ್ಕೆ ಬಂದು ಮುಗಿದ ಪುಟವನ್ನೇ ತೆರೆದೆ.
ನಲವತ್ತೇಳು, ಇತ್ಯರ್ಥ, ಸಹಿ, ಮೊಹರು.
ಎರಡು ಬೆರಳಗಲದಲ್ಲಿ
ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದೆ,
ಕೈ ತಾಗಿತ್ತು.
ಕೆಳಗೆ ಸಮಯ, ಮೂರು ಸಲ.

ಮಧ್ಯಾಹ್ನ ಪರ್ಸು ಹಿಡಿದು ಎದ್ದೆ.
ಎಲ್ಲಿಗೆ? ಅಂದರು ಸಾರ್.
ದುರ್ಗಿಗುಡಿಗೆ, ಅಂದೆ.
ಇಪ್ಪತ್ತು ರೂಪಾಯಿ ಬಾಕಿ ಇದೆ.